ಪಂಚಾಂಗಕ್ಕೆ ತಿಳಿಯದ ರಜೆಗಳು

ಮಂಗಳವಾರ ಮಂಗಳವಾರ ಹತ್ತು ಗಂಟೆಗೆ ಸಭೆ, ತಿಂಗಳ ಐದಕ್ಕೆ ಸಾಲದ ಕಂತು, ವಾರಕ್ಕೆರಡು ದಿನ ಸಂಗೀತಪಾಠ ಎಂದು ಒಬ್ಬರಿಗೊಬ್ಬರು ಗೊತ್ತುಮಾಡಿಕೊಳ್ಳುವಾಗ, ಹಬ್ಬ ಬಂದರೆ ಬಿಡುವು, ಚುನಾವಣೆಯಾದರೆ ಬಿಡುವು, ಊರು ಬಂದ್ ಆದರೆ ಮರುದಿನ ನೋಡೋಣ ಎಂಬ ಷರತ್ತುಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವವನೂ ಕೇಳುವವನೂ ಒಂದೇ ಸಮಾಜದಲ್ಲಿ ಬಾಳುವವರಾದುದರಿಂದ ಹೇಳಬೇಕಾದ ಅಗತ್ಯವೂ ಬೀಳುವುದಿಲ್ಲ. ಅದೇ ಒಪ್ಪಂದವನ್ನು ತಂತ್ರಾಂಶಕ್ಕೆ ಒಪ್ಪಿಸಿದಾಗ ಆ ಅನುಕ್ತ ಷರತ್ತುಗಳೆಲ್ಲ ಹೊರಗೇ ಉಳಿದು ನಿಯಮವೊಂದೇ ಒಳಗೆ ಹೋಗುತ್ತದೆ. ಮುಂದೆ ಗಣೇಶ ಚತುರ್ಥಿಯ ಬೆಳಗ್ಗೆ, ನೈವೇದ್ಯದ ಕಡುಬು ಇನ್ನೂ ಹಬೆಯಾಡುತ್ತಿರುವಾಗ, ಫೋನು ಗುಂಯ್‌ಗುಟ್ಟಿ ಸಭೆಗೆ ಕರೆದರೆ ನಾವು ಯಂತ್ರದ ಜಡತ್ವವನ್ನು ಹಳಿಯುತ್ತೇವೆ. ವಾಸ್ತವದಲ್ಲಿ ನಿಯಮವೆಂಬುದು ಒಂದು, ರಜೆಗಳ ಪಟ್ಟಿಯೆಂಬುದು ಇನ್ನೊಂದು, ಇವೆರಡೂ ಒಂದೇ ದಿನದ ಮೇಲೆ ಬಿದ್ದಾಗ ಏನು ಮಾಡಬೇಕೆಂಬ ನಿರ್ಣಯ ಮತ್ತೊಂದು. ಈ ವಿಷಯದಲ್ಲಿ ಹಬ್ಬಿರುವ ತಪ್ಪು ಕಲ್ಪನೆಗಳಲ್ಲಿ ಬಹುಪಾಲು, ಈ ಮೂರನ್ನೂ ಒಂದೇ ಎಂದು ಬಗೆದುದರ ಫಲವೆಂದು ನನ್ನ ಅಭಿಪ್ರಾಯ.

ಕಲ್ಪನೆ: ನಿಯಮವನ್ನು ಒಮ್ಮೆ ಬರೆದುಬಿಟ್ಟರೆ ದಿನಗಳು ತಾವಾಗಿಯೇ ಸರಿಹೊಂದುತ್ತವೆ.

1998ರಲ್ಲಿ ಪ್ರಕಟವಾಗಿ, 2009ರಲ್ಲಿ ಆರ್‌ಎಫ್‌ಸಿ 5545 ಎಂಬ ಹೆಸರಿನಲ್ಲಿ ಪರಿಷ್ಕಾರಗೊಂಡ ಐಕ್ಯಾಲೆಂಡರ್ ಎಂಬ ಮಾನಕವೇ ಇಂದಿನ ಹೆಚ್ಚಿನ ಕ್ಯಾಲೆಂಡರ್ ತಂತ್ರಾಂಶಗಳು ತಮ್ಮತಮ್ಮೊಳಗೆ ವ್ಯವಹರಿಸುವ ಭಾಷೆ. ವರ್ಷದ ಸಭೆಗಳನ್ನೆಲ್ಲ ಅದರಲ್ಲಿ ಒಂದೊಂದಾಗಿ ಬರೆದಿಡುವುದಿಲ್ಲ; ವಾರಕ್ಕೊಮ್ಮೆ, ಮಂಗಳವಾರ ಎಂಬ ಒಂದು ಸಾಲಿನ ನಿಯಮವನ್ನು ಮಾತ್ರ ಇಟ್ಟುಕೊಂಡು, ತೆರೆಯ ಮೇಲೆ ತೋರಿಸಬೇಕಾದಾಗ ಅದನ್ನು ಬಿಡಿಸಿ ದಿನಗಳನ್ನು ಎಣಿಸುತ್ತಾರೆ. ಎಣಿಕೆ ಅಕ್ಷರಶಃ ನಡೆಯುತ್ತದೆ. ತಿಂಗಳ 31ರಂದು ಬಾಡಿಗೆಯ ನೆನಪು ಎಂದು ಬರೆದರೆ ಆ ಮಾನಕದ ಪ್ರಕಾರ ಇಲ್ಲದ ದಿನಾಂಕಗಳನ್ನು ಮೌನವಾಗಿ ಬಿಟ್ಟುಬಿಡತಕ್ಕದ್ದು. ಆದುದರಿಂದ ವರ್ಷಕ್ಕೆ 7 ಬಾರಿ ಮಾತ್ರ ನೆನಪು ಬರುತ್ತದೆ, ಉಳಿದ ಐದು ತಿಂಗಳು ಮನೆಯ ಯಜಮಾನರೇ ಬಂದು ನೆನಪಿಸಬೇಕಾಗುತ್ತದೆ. ತಿಂಗಳ ಕೊನೆಯ ದಿನ ಎಂದು ಬರೆಯುವ ಸೌಲಭ್ಯ ಅದೇ ಮಾನಕದಲ್ಲಿಯೇ ಇದೆ. ಇಲ್ಲದ ದಿನವನ್ನು ಬಿಡಬೇಕೆ, ಹಿಂದಕ್ಕೆ ತರಬೇಕೆ, ಮುಂದಕ್ಕೆ ಒಯ್ಯಬೇಕೆ ಎಂಬ ಆಯ್ಕೆಯನ್ನು 2015ರ ಆರ್‌ಎಫ್‌ಸಿ 7529 ಅದಕ್ಕೆ ಸೇರಿಸಿತು.

ಇದೇ ಜಾತಿಯ ಇನ್ನೊಂದು ಎಡವಟ್ಟು ನಮ್ಮ ಬ್ಯಾಂಕುಗಳ ಶನಿವಾರದ್ದು. 2015ರ ಸೆಪ್ಟೆಂಬರ್ 1ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕುಗಳಿಗೆ ರಜೆಯಾದಾಗ, ಅದನ್ನು ಎರಡು ವಾರಕ್ಕೊಮ್ಮೆ ಬರುವ ಶನಿವಾರ ಎಂದು ತಿಳಿದವರು ಕೆಲವರಲ್ಲ. 2025ರ ಆಗಸ್ಟಿನಲ್ಲಿ ಆ ರಜೆಗಳು 9 ಮತ್ತು 23ರಂದು ಬಂದವು. ಆ ತಿಂಗಳಿಗೆ ಐದು ಶನಿವಾರಗಳಿದ್ದ ಕಾರಣ ಮುಂದಿನ ರಜೆ ಸೆಪ್ಟೆಂಬರ್ 13ಕ್ಕೆ, ಎಂದರೆ ಮೂರು ವಾರಗಳ ಮೇಲೆ, ಬಂತು. ಎರಡು ವಾರದ ನಿಯಮ ಬರೆದುಕೊಂಡಿದ್ದವರ ಕ್ಯಾಲೆಂಡರಿನಲ್ಲಾದರೋ ಸೆಪ್ಟೆಂಬರ್ 6 ಮತ್ತು 20, ಬ್ಯಾಂಕು ತೆರೆದಿದ್ದ ಎರಡೂ ಶನಿವಾರಗಳು, ಕೆಂಪಾಗಿದ್ದವು.

ಕಲ್ಪನೆ: ಒಂದು ದಿನದ ಸಭೆಯನ್ನು ಅಳಿಸಿದರೆ ಅದು ಹೋಯಿತು.

ಬರೆದೇ ಇಲ್ಲದುದನ್ನು ಅಳಿಸುವುದಾದರೂ ಹೇಗೆ? ನಾವು ಅಳಿಸಿದೆವೆಂದು ಭಾವಿಸಿದಾಗ ತಂತ್ರಾಂಶವು ಮಾಡುವುದು ಇಷ್ಟೆ: ನಿಯಮದ ಪಕ್ಕದಲ್ಲಿ, ಈ ದಿನ, ಈ ಗಂಟೆಯ ಸಭೆ ಇಲ್ಲ ಎಂಬ ಅಪವಾದವೊಂದನ್ನು ಬರೆದಿಡುತ್ತದೆ. ಆ ಅಪವಾದದ ಗಂಟೆಯೂ ಕಾಲವಲಯವೂ ನಿಯಮದಿಂದ ಹುಟ್ಟುವ ಸಭೆಯ ಗಂಟೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ತಾಳೆಯಾದರೆ ಮಾತ್ರ ಸಭೆ ಮರೆಯಾಗುತ್ತದೆ. ದೀಪಾವಳಿಯ ಮಂಗಳವಾರದ ಹತ್ತು ಗಂಟೆಯ ಸಭೆಯನ್ನು ಜೂನಿನಲ್ಲಿಯೇ ತೆಗೆದುಹಾಕಿ, ಆಗಸ್ಟಿನಲ್ಲಿ ಇಡೀ ಸರಣಿಯನ್ನು ಹತ್ತೂವರೆಗೆ ಬದಲಾಯಿಸಿದಿರೆನ್ನಿ. ಅಪವಾದವನ್ನೂ ಜೊತೆಗೇ ಸರಿಸಬೇಕೆಂಬ ವಿವೇಕ ತಂತ್ರಾಂಶಕ್ಕೆ ಇಲ್ಲದಿದ್ದರೆ, ಹತ್ತು ಗಂಟೆಗೆಂದು ಬರೆದ ಆ ಅಪವಾದಕ್ಕೆ ಇನ್ನು ತಡೆಯಬೇಕಾದ ಸಭೆಯೇ ಇಲ್ಲದೆ ಅದು ಅನಾಥವಾಗುತ್ತದೆ, ತೆಗೆದುಹಾಕಿದ ಸಭೆ ಹಬ್ಬದ ದಿನ ಹತ್ತೂವರೆಗೆ ಮತ್ತೆ ಎದ್ದು ಕೂರುತ್ತದೆ. ಇನ್ನೊಂದು ಸೂಕ್ಷ್ಮ ಪಾಠದ ಮೇಷ್ಟರಿಗೆ ಸಂಬಂಧಿಸಿದ್ದು. ಹತ್ತು ಪಾಠ ಎಂದು ಸಂಖ್ಯೆಯನ್ನು ನಿಯಮದಲ್ಲಿ ಹಾಕಿ, ಎರಡನ್ನು ಹಬ್ಬಕ್ಕಾಗಿ ತೆಗೆದರೆ, ಸರಣಿಯು ಎರಡು ವಾರ ಮುಂದೆ ಬೆಳೆಯುವುದಿಲ್ಲ. ತೆಗೆದವುಗಳೂ ಎಣಿಕೆಯಲ್ಲಿ ಸೇರಿಯೇ ಇರುವುದರಿಂದ ಎಂಟೇ ಪಾಠ ಉಳಿಯುತ್ತದೆ. ಹತ್ತು ಪಾಠದ ಶುಲ್ಕ ಕೊಟ್ಟ ತಂದೆತಾಯಿಗಳಿಗೆ ಈ ಮಾನಕವನ್ನು ತೋರಿಸಿ ಸಮಾಧಾನ ಹೇಳುವುದು ಸುಲಭವಲ್ಲ.

ಕಲ್ಪನೆ: ಭಾರತದ ರಜೆಗಳ ಕ್ಯಾಲೆಂಡರನ್ನು ಸೇರಿಸಿಕೊಂಡಿದ್ದೇನೆ, ಇನ್ನು ಚಿಂತೆಯಿಲ್ಲ.

ಅದು ತೋರಿಸುತ್ತದೆಯೇ ಹೊರತು ತಡೆಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಅಂಕೆ ಕೆಂಪಾಗಿದ್ದ ಮಾತ್ರಕ್ಕೆ ಹಾಲಿನವನು ಬರುವುದನ್ನು ನಿಲ್ಲಿಸುತ್ತಾನೆಯೆ? ರಜೆಯ ಪಟ್ಟಿಯನ್ನು ನೋಡಿ ಸಭೆಯನ್ನು ಬಿಡು ಎಂಬ ಅಪ್ಪಣೆಯನ್ನು ಪ್ರತ್ಯೇಕವಾಗಿ ಕೊಡಬೇಕು, ಕೊಡಲು ಅವಕಾಶವಿಲ್ಲದಿದ್ದರೆ ಕೈಯಿಂದಲೇ ಒಂದೊಂದು ಅಪವಾದವನ್ನು ಬರೆಯಬೇಕು.

ಕಲ್ಪನೆ: ಹಬ್ಬಗಳನ್ನು ಗಣಿತದಿಂದ ಹೇಳಬಹುದಾದುದರಿಂದ ರಜೆಗಳನ್ನೂ ಹೇಳಬಹುದು.

ಇದು ಎಲ್ಲಕ್ಕಿಂತ ಗೌರವಾನ್ವಿತವಾದ ತಪ್ಪು, ಏಕೆಂದರೆ ಇದರ ಅರ್ಧಭಾಗ ಸತ್ಯ. ತಿಥಿ ನಕ್ಷತ್ರಗಳು ಸೂರ್ಯಚಂದ್ರರ ಗತಿಯನ್ನವಲಂಬಿಸಿದವು. ಚೈತ್ರ ಶುದ್ಧ ಪಾಡ್ಯ ಎಂದು ಬರುವುದೆಂಬುದನ್ನು ಹತ್ತು ವರ್ಷ ಮೊದಲೇ ಹೇಳುವುದು ಕಷ್ಟವಲ್ಲ. ಮಕರ ಸಂಕ್ರಾಂತಿಯಂತೂ ಜನವರಿ 14ಕ್ಕೆ ಕಟ್ಟಿಹಾಕಿದ ಹಬ್ಬವೆಂದು ಅನೇಕರ ನಂಬಿಕೆ. ಆದರೆ ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಸಂಕ್ರಾಂತಿಯ ದಿನವೇ ಆಗಿತ್ತು, ಈಗೀಗ ಹಬ್ಬ 15ಕ್ಕೂ ಬೀಳುತ್ತಿದೆ. ನಿರಯಣ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದಾದುದರಿಂದ, ಹೆಚ್ಚುಕಡಮೆ ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಅದು ಜಾರುತ್ತದೆ. ಇದೂ ಲೆಕ್ಕದೊಳಗಣ ಮಾತೇ. ಲೆಕ್ಕವು ಒಂದೇ ಉತ್ತರ ಕೊಡುವುದೆಂಬ ಭರವಸೆ ಮಾತ್ರ ಸಲ್ಲದು: 2025ರಲ್ಲಿ ನಾಡಿನ ಹೆಚ್ಚಿನ ಕಡೆ ಆಗಸ್ಟ್ 16ರಂದು ಕೃಷ್ಣಜನ್ಮಾಷ್ಟಮಿ ನಡೆದರೆ, ಸೌರಮಾನವನ್ನನುಸರಿಸುವ ಉಡುಪಿಯ ಮಠದಲ್ಲಿ ಸೆಪ್ಟೆಂಬರ್ 14ರಂದು ನಡೆಯಿತು. ರಂಜಾನ್ ಹಬ್ಬವಂತೂ ಚಂದ್ರದರ್ಶನವಾಯಿತೆಂದು ಹಿರಿಯರು ಸಾರಿದ ಮೇಲೆ ನಿಶ್ಚಯವಾಗತಕ್ಕದ್ದು; 2024ರಲ್ಲಿ ಕೇರಳದೊಡನೆ ನಮ್ಮ ಕರಾವಳಿಯವರು ಏಪ್ರಿಲ್ 10ರಂದು ಆಚರಿಸಿದರು, ಬೆಂಗಳೂರಿನವರು 11ರಂದು. ಮಂಗಳೂರಿನಲ್ಲೊಂದು, ಬೆಂಗಳೂರಿನಲ್ಲೊಂದು ಶಾಖೆಯಿಟ್ಟ ಸಂಸ್ಥೆಗೆ ಒಂದೇ ರಜಾಪಟ್ಟಿ ಹೇಗೆ ಸಾಕಾದೀತು?

ಹಬ್ಬದಿಂದ ರಜೆಗೆ ಬಂದರೆ ಗಣಿತದ ಆಳ್ವಿಕೆ ಮುಗಿದು ಸರ್ಕಾರದ ಆಳ್ವಿಕೆ ಮೊದಲಾಗುತ್ತದೆ. ರಜೆಯೆಂಬುದು ಅಧಿಕಾರವುಳ್ಳವರು ಹೊರಡಿಸುವ ಆಜ್ಞೆ. ಕರ್ನಾಟಕ ಸರ್ಕಾರದ ವಾರ್ಷಿಕ ಅಧಿಸೂಚನೆಯನ್ನು ತಂತ್ರಾಂಶಕ್ಕೆ ಏರಿಸುವವರು ಅದರ ಕೆಳಗಿನ ಸಣ್ಣಕ್ಷರದ ಟಿಪ್ಪಣಿಗಳನ್ನು ಸಾಮಾನ್ಯವಾಗಿ ಓದುವುದಿಲ್ಲ. ಸ್ವಾರಸ್ಯವೆಲ್ಲ ಅಲ್ಲಿಯೇ ಇದೆ. ಭಾನುವಾರವೂ ಎರಡನೆಯ ಮತ್ತು ನಾಲ್ಕನೆಯ ಶನಿವಾರವೂ ಬೀಳುವ ಹಬ್ಬಗಳನ್ನು ಆ ಪಟ್ಟಿಯಲ್ಲಿ ಸೇರಿಸುವುದಿಲ್ಲ, ಏಕೆಂದರೆ ಕಚೇರಿ ಹೇಗೂ ಮುಚ್ಚಿರುತ್ತದೆ. ಆದರೆ ಭಾನುವಾರವೂ ಬಾಗಿಲು ತೆರೆಯುವ ಅಂಗಡಿಯವನು ಅದನ್ನೇ ಹಬ್ಬಗಳ ಪೂರ್ಣ ಪಟ್ಟಿಯೆಂದು ತಿಳಿದರೆ ಆ ಹಬ್ಬಗಳು ಅವನ ಪಾಲಿಗೆ ಇಲ್ಲವೇ ಆಗುತ್ತವೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಈ ಮೂರೂ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆಗಳು. ಇವಲ್ಲದೆ ನೌಕರನು ತಾನೇ ಆರಿಸಿಕೊಳ್ಳತಕ್ಕ ಪರಿಮಿತ ರಜೆಗಳಿವೆ. ಅವು ದಿನಕ್ಕೆ ಅಂಟಿದವಲ್ಲ, ವ್ಯಕ್ತಿಗೆ ಅಂಟಿದವು, ಮತ್ತು ಹೆಚ್ಚಿನ ತಂತ್ರಾಂಶಗಳು ಎಡವುವುದು ಇಲ್ಲಿಯೇ.

ಪಟ್ಟಿ ಅಚ್ಚಾದ ಮೇಲೆ ಹುಟ್ಟುವ ರಜೆಗಳದು ಬೇರೆಯೇ ಕಥೆ. 2023ರ ಮೇ 10, ಬುಧವಾರ, ರಾಜ್ಯದ ವಿಧಾನಸಭಾ ಚುನಾವಣೆಯ ಮತದಾನದ ದಿನ. ಆ ದಿನಾಂಕ ಲೋಕಕ್ಕೆ ತಿಳಿದದ್ದು ಮಾರ್ಚ್ 29ರಂದು. ಮಾಜಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು 2024ರ ಡಿಸೆಂಬರ್ 10ರಂದು ನಿಧನರಾದಾಗ ಮರುದಿನಕ್ಕೇ ರಜೆ ಸಾರಲಾಯಿತು. ಒಂದೇ ರಾತ್ರಿಯ ಅಂತರ! ಆದಕಾರಣ ಜನವರಿಯಲ್ಲಿ ಒಮ್ಮೆ ಪಟ್ಟಿ ಏರಿಸಿ ಕೈತೊಳೆದುಕೊಳ್ಳುವ ವ್ಯವಸ್ಥೆ ಎಷ್ಟೇ ಚೆನ್ನಾಗಿ ಬರೆದುದಾದರೂ ಅಪೂರ್ಣವೇ ಸರಿ. ಪ್ರತಿಯೊಂದು ರಜೆಯ ಪಕ್ಕದಲ್ಲಿಯೂ ಅದು ಯಾರ ಆಜ್ಞೆಯಿಂದ, ಯಾವ ಪ್ರದೇಶಕ್ಕೆ, ಯಾವ ದಿನ ಬಂದ ಆಜ್ಞೆಯಿಂದ ಎಂಬುದು ಬರೆದಿರಬೇಕು.

ಕಲ್ಪನೆ: ರಜೆಯ ದಿನ ಬಿದ್ದ ಕೆಲಸ ಮರುದಿನಕ್ಕೆ ಹೋಗುತ್ತದೆ, ಇದು ಎಲ್ಲರಿಗೂ ಗೊತ್ತು.

ಕಾನೂನಿಗೆ ಗೊತ್ತಿಲ್ಲ, ಅಥವಾ ಕಾನೂನಿಗೆ ಎರಡು ಬಗೆಯಾಗಿ ಗೊತ್ತು. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 10ನೆಯ ಪ್ರಕರಣದ ಪ್ರಕಾರ, ನ್ಯಾಯಾಲಯದಲ್ಲಾಗಲಿ ಕಚೇರಿಯಲ್ಲಾಗಲಿ ಮಾಡಬೇಕಾದ ಕೆಲಸದ ಕೊನೆಯ ದಿನ ಅದು ಮುಚ್ಚಿದ್ದರೆ, ಮತ್ತೆ ತೆರೆದ ದಿನ ಮಾಡಿದರೂ ಸಕಾಲದಲ್ಲಿ ಮಾಡಿದಂತೆಯೇ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಅಧಿನಿಯಮದ 25ನೆಯ ಪ್ರಕರಣವಾದರೋ, ಪ್ರಾಮಿಸರಿ ನೋಟಿನ ವಾಯಿದೆ ಸಾರ್ವಜನಿಕ ರಜೆಯಂದು ತುಂಬಿದರೆ ಅದರ ಹಿಂದಿನ ವ್ಯವಹಾರದ ದಿನವೇ ಹಣ ಸಲ್ಲತಕ್ಕದ್ದೆಂದು ವಿಧಿಸುತ್ತದೆ. ಆಗಸ್ಟ್ 15ಕ್ಕೆ ಬಂದ ಅರ್ಜಿ 16ಕ್ಕೆ ಹೋಗುತ್ತದೆ, ಆಗಸ್ಟ್ 15ಕ್ಕೆ ಬಂದ ನೋಟು 14ಕ್ಕೆ ಬರುತ್ತದೆ. ಹಣಕಾಸಿನ ಪೇಟೆಯಲ್ಲಿ ಮೂರನೆಯದೊಂದು ರೂಢಿಯುಂಟು: ಮುಂದಿನ ಕೆಲಸದ ದಿನಕ್ಕೆ ಒಯ್ಯಿ, ಆದರೆ ಅದರಿಂದ ತಿಂಗಳು ಬದಲಾಗುವುದಾದರೆ ಹಿಂದಕ್ಕೆ ತಾ. ಯೋಗಾಭ್ಯಾಸದ ತರಗತಿಗೆ ಇವಾವುವೂ ಬೇಡ, ಬಿಟ್ಟುಬಿಟ್ಟರೆ ಸಾಕು. ಹೀಗಿರುವಾಗ ಯಾವುದನ್ನು ಮಾಡಬೇಕೆಂದು ತಂತ್ರಾಂಶ ತಾನೇ ಊಹಿಸಬಾರದು, ಕೇಳಬೇಕು. ಕೇಳಿದ ಮೇಲೂ ಉತ್ತರ ಶಾಶ್ವತವಲ್ಲ. ಸಾಲದ ಕಂತುಗಳನ್ನು ಖಾತೆಯಿಂದ ಎಳೆಯುವ ನ್ಯಾಚ್ ವ್ಯವಸ್ಥೆ ಬ್ಯಾಂಕಿನ ಕೆಲಸದ ದಿನಗಳಲ್ಲಿ ಮಾತ್ರ ನಡೆಯುತ್ತಿದ್ದುದು, 2021ರ ಆಗಸ್ಟ್ 1ರಿಂದ ವಾರದ ಎಲ್ಲ ದಿನಗಳಲ್ಲಿಯೂ ನಡೆಯತೊಡಗಿತು. ಭಾನುವಾರದ ಕಂತು ಸೋಮವಾರಕ್ಕೆಂದು ನೆಮ್ಮದಿಯಾಗಿದ್ದವರು ಶನಿವಾರ ರಾತ್ರಿಯೇ ಹಣ ಹೊಂದಿಸಬೇಕಾಯಿತು. ಇಷ್ಟಲ್ಲದೆ, ಐದರ ಕಂತನ್ನು ಒಮ್ಮೆ ಏಳಕ್ಕೆ ಸರಿಸಿದ ಮೇಲೆ ಮುಂದಿನ ತಿಂಗಳನ್ನು ಏಳರಿಂದ ಎಣಿಸುವ ತಂತ್ರಾಂಶಗಳೂ ಉಂಟು. ಮೂಲ ದಿನಾಂಕವನ್ನು ಮರೆತ ಆ ಕಂತು ಹಬ್ಬದಿಂದ ಹಬ್ಬಕ್ಕೆ ಮುಂದೆ ಮುಂದೆ ತೇಲುತ್ತದೆ.

ಕಲ್ಪನೆ: ಭಾರತಕ್ಕೆ ಒಂದೇ ಕಾಲಮಾನವಿರುವುದರಿಂದ ಗಡಿಯಾರದ ತೊಡಕು ನಮಗಿಲ್ಲ.

ನಮ್ಮ ಗಡಿಯಾರ ಕದಲದಿದ್ದರೂ ಅಮೆರಿಕದ್ದು ಮಾರ್ಚಿನ ಎರಡನೆಯ ಭಾನುವಾರ ಮತ್ತು ನವೆಂಬರಿನ ಮೊದಲನೆಯ ಭಾನುವಾರ ಕದಲುತ್ತದೆ; ಅಲ್ಲಿಯ ಸಮಯಕ್ಕೆ ಗೊತ್ತುಮಾಡಿದ ಸಭೆ ಬೆಂಗಳೂರಿನವನ ಸಂಜೆಯನ್ನು ವರ್ಷಕ್ಕೆರಡು ಬಾರಿ ಒಂದು ಗಂಟೆ ಸರಿಸುತ್ತದೆ. ಅದಕ್ಕಿಂತ ಗುಪ್ತವಾದ ದೋಷ ಸರ್ವರುಗಳೊಳಗಿದೆ. ಅವು ಲೆಕ್ಕವಿಡುವುದು ಬಹುಮಟ್ಟಿಗೆ ಯುಟಿಸಿ ಕಾಲಮಾನದಲ್ಲಿ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದು. ಪ್ರತಿದಿನ ಬೆಳಗ್ಗೆ 5 ಗಂಟೆಗೆ ನಡೆಯುವ ಕೆಲಸಕ್ಕೆ ಆಗಸ್ಟ್ 15ರಂದು ರಜೆ ಕೊಡಬೇಕೆಂದಿದ್ದರೆ, ಆ ಬೆಳಗ್ಗೆ ಸರ್ವರಿನಲ್ಲಿ ಇನ್ನೂ 14ರ ರಾತ್ರಿ 11.30, ಆದುದರಿಂದ ಸ್ವಾತಂತ್ರ್ಯ ದಿನಾಚರಣೆಯಂದು ಕೆಲಸ ನಿರಾತಂಕವಾಗಿ ನಡೆದು, 16ರ ಬೆಳಗ್ಗೆ ರಜೆ ತೆಗೆದುಕೊಳ್ಳುತ್ತದೆ. ಗಡಿಯಾರವಷ್ಟೇ ಅಲ್ಲ, ಇಡೀ ದಿನವೇ ಕಾಣೆಯಾಗುವುದೂ ಉಂಟು: ಸಮೋವಾ ದ್ವೀಪದವರು ದಿನರೇಖೆಯ ಆಚೆಗೆ ದಾಟಿಕೊಂಡ ಪ್ರಯುಕ್ತ 2011ರ ಡಿಸೆಂಬರ್ 30, ಶುಕ್ರವಾರ, ಅವರಿಗೆ ಬರಲೇ ಇಲ್ಲ.

ಕಲ್ಪನೆ: ಅಪವಾದವೆಂದರೆ ಕಳೆಯುವುದು.

ಕೂಡುವುದೂ ಹೌದು. 2025ರ ಫೆಬ್ರವರಿ 1 ಶನಿವಾರವಾದರೂ ಬಜೆಟ್ಟಿನ ದಿನವೆಂದು ಷೇರುಪೇಟೆಗಳು ತೆರೆದಿದ್ದವು. ದೀಪಾವಳಿಯ ರಜೆಯಲ್ಲಿಯೂ ಮುಹೂರ್ತದ ವಹಿವಾಟಿಗೆಂದು ಅವು ಸ್ವಲ್ಪ ಹೊತ್ತು ಬಾಗಿಲು ತೆರೆಯುತ್ತವೆ. ಚೀನದಲ್ಲಿ ದೀರ್ಘ ರಜೆಗಳಿಗೆ ಪ್ರತಿಯಾಗಿ ಕೆಲವು ಶನಿವಾರ ಭಾನುವಾರಗಳನ್ನು ಕೆಲಸದ ದಿನಗಳೆಂದು ಸರ್ಕಾರವೇ ಸಾರುತ್ತದೆ. ಐಕ್ಯಾಲೆಂಡರ್ ಮಾನಕದಲ್ಲಿ ಇಂಥ ಹೆಚ್ಚುವರಿ ದಿನಗಳನ್ನು ಸೇರಿಸುವುದಕ್ಕೆ ಪ್ರತ್ಯೇಕ ಸ್ಥಾನವಿದೆ. ಆದರೆ ಅದು ಹಿಡಿಯುವುದು ದಿನಾಂಕವನ್ನೂ ಗಂಟೆಯನ್ನೂ ಮಾತ್ರ. ಮಳೆಯಿಂದ ಬುಧವಾರ ಮುಚ್ಚಿದ್ದ ಶಾಲೆ ಅದಕ್ಕೆ ಬದಲಾಗಿ ಶನಿವಾರ ಮಧ್ಯಾಹ್ನವೂ ನಡೆಯುವುದಾದರೆ, ಆ ದಿನ ನಡೆಯಬೇಕಾದದ್ದು ಶನಿವಾರದ ವೇಳಾಪಟ್ಟಿಯೋ ಬುಧವಾರದ್ದೋ ಎಂದು ಮಕ್ಕಳು ಶುಕ್ರವಾರ ಸಂಜೆಯೇ ಕೇಳುತ್ತಾರೆ. ಯಾವ ಪುಸ್ತಕ ಚೀಲಕ್ಕೆ ಹಾಕಬೇಕೆಂಬುದು ಅದರ ಮೇಲೆ ನಿಂತಿದೆ. ಇಂದಿನ ದಿನ ಯಾವ ವಾರದಂತೆ ನಡೆಯತಕ್ಕದ್ದು ಎಂಬ ಇನ್ನೊಂದು ಅಂಕಣವನ್ನು ತಂತ್ರಾಂಶ ರಚಿಸಿದವರು ಮೊದಲೇ ಇಟ್ಟಿರದಿದ್ದರೆ, ಆ ಉತ್ತರವನ್ನು ಮುಖ್ಯೋಪಾಧ್ಯಾಯರು ವಾಟ್ಸ್ಆ್ಯಪಿನಲ್ಲಿಯೇ ಬರೆದು ಕಳುಹಿಸಬೇಕಾಗುತ್ತದೆ.