ಏಳು ಅಡಿ ಅಗಲದ ಸಂಸಾರ

ಟೇಕಲ್ಲಿನ ಸುತ್ತಮುತ್ತಲಿನವರಿಗೆ ಕಾಲುವೆಯೆಂದರೆ ಕೆರೆಯ ತೂಬಿನಿಂದ ಹೊರಟು ಗದ್ದೆಯನ್ನು ಸೇರುವ ನೀರಿನ ದಾರಿ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಬಂಡೆಗಳ ನಡುವೆ ಹುಟ್ಟಿ ಬೆಳೆದ ಈ ಸೀಮೆಯ ಜನರಿಗೆ, ಕಾಲುವೆಯ ನೀರಿನ ಮೇಲೆಯೇ ಮನೆ ಹೂಡಿ, ಅಲ್ಲಿಯೇ ಅಡಿಗೆ ಮಾಡಿ, ಅಲ್ಲಿಯೇ ಮಕ್ಕಳನ್ನು ಹೆತ್ತು ಸಾಕಿದವರ ಸಂಗತಿಯನ್ನು ಹೇಳಿದರೆ ಕಟ್ಟುಕತೆಯೆಂದೇ ತೋರೀತು. ಆದರೆ ಇಂಗ್ಲೆಂಡಿನಲ್ಲಿ ಅಂತಹ ಸಂಸಾರಗಳು ನೂರು ವರ್ಷಕ್ಕೂ ಮಿಕ್ಕಿ ನಡೆದುವು. ಬೇರೊಂದು ರೂಪದಲ್ಲಿ ಇಂದಿಗೂ ನಡೆಯುತ್ತಿವೆ.

೧೭೬೧ರಲ್ಲಿ ಬ್ರಿಜ್‌ವಾಟರಿನ ಡ್ಯೂಕನು ವರ್ಸ್ಲಿಯ ತನ್ನ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ಸಾಗಿಸಲು ಕಾಲುವೆಯನ್ನು ತೆರೆದನು. ಆ ಕೆಲಸದಲ್ಲಿ ಹೆಸರಾದ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರನು ಮುಂದೆ ನಡುನಾಡಿನ ಕಾಲುವೆಗಳನ್ನು ರೂಪಿಸುವಾಗ ಅವುಗಳ ‘ಲಾಕು’ಗಳನ್ನು ಏಳೇ ಅಡಿ ಅಗಲಕ್ಕೆ ಕಟ್ಟಿಸಿದನು. ಲಾಕು ಎಂದರೆ ನೀರಿನ ಮೆಟ್ಟಿಲು. ಎರಡು ಕಡೆಯೂ ಬಾಗಿಲುಗಳಿರುವ ಕಲ್ಲಿನ ತೊಟ್ಟಿಯೊಳಕ್ಕೆ ದೋಣಿಯನ್ನು ತಂದು ನಿಲ್ಲಿಸಿ, ನಮ್ಮ ಕೆರೆಯ ತೂಬನ್ನು ಎತ್ತುವಂತೆಯೇ ಬಾಗಿಲಿನ ಹಲಗೆಯನ್ನು ಎತ್ತಿದರೆ, ನೀರು ತುಂಬಿ ದೋಣಿ ತಾನಾಗಿ ಮೇಲೇರುತ್ತದೆ. ತೊಟ್ಟಿ ಕಿರಿದಾದಷ್ಟೂ ಖರ್ಚೂ ನೀರೂ ಉಳಿತಾಯ. ಹೀಗಾಗಿ ಎಪ್ಪತ್ತು ಅಡಿ ಉದ್ದ, ಏಳು ಅಡಿಗೆ ಕೊಂಚ ಕಡಿಮೆ ಅಗಲದ ಆ ವಿಚಿತ್ರ ದೋಣಿ ಹುಟ್ಟಿತು.

ದಡದ ಹಾದಿಯಲ್ಲಿ ನಡೆಯುವ ಒಂದೇ ಕುದುರೆ ಇಪ್ಪತ್ತೈದು ಟನ್ನು ಹೊತ್ತ ದೋಣಿಯನ್ನು ಎಳೆಯುತ್ತಿತ್ತು. ದಡದ ಹಾದಿಯಿಲ್ಲದ ಸುರಂಗ ಬಂದಾಗ ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿನಿಂದ ನಡೆಸಿ, ಆಳುಗಳು ಹಲಗೆಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಯನ್ನು ಕಾಲಿನಿಂದ ತುಳಿಯುತ್ತಾ ದೋಣಿಯನ್ನು ಮುಂದೂಡುತ್ತಿದ್ದರು.

ರೈಲು ಬಂದ ಮೇಲೆ ಬಾಡಿಗೆ ಇಳಿಯಿತು. (ಟೇಕಲ್ಲಿನ ಮೇಲೆ ಹಾಯುವ ಜೋಲಾರಪೇಟೆಯ ರೈಲು ದಾರಿ ತೆರೆದದ್ದು ೧೮೬೪ರಲ್ಲಿ; ಇಲ್ಲಿಗೆ ಅದು ಬಂದಾಗ ಅದರೊಡನೆ ಪಂದ್ಯ ಹೂಡಲು ಎತ್ತಿನ ಗಾಡಿಯ ಹೊರತು ಬೇರೇನೂ ಇರಲಿಲ್ಲ.) ದೋಣಿಕಾರನು ಊರಿನ ಮನೆ ಬಾಡಿಗೆಯನ್ನು ಉಳಿಸಲು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದನು. ಕೂಲಿ ಒಬ್ಬನಿಗೆ, ಕೆಲಸ ಮನೆಮಂದಿಗೆಲ್ಲ. ಸರಕಿಗೆ ಬಿಟ್ಟು ಉಳಿದ ಹಿಂಭಾಗದ ಸುಮಾರು ಹತ್ತು ಅಡಿಯ ಕೋಣೆಯೇ ಅವರ ಮನೆ. ಒಳಗೆ ಕಾಲಿಟ್ಟೊಡನೆ ಎಡಗಡೆಗೆ ಕಲ್ಲಿದ್ದಲ ಒಲೆ. ಬೀರುವಿನ ಬಾಗಿಲನ್ನು ಕೆಳಗಿಳಿಸಿದರೆ ಊಟದ ಮೇಜು. ಇನ್ನೊಂದು ಬೀರುವಿನಿಂದ ರಾತ್ರಿ ಮಂಚ ಹೊರಬರುತ್ತಿತ್ತು. ಪಕ್ಕದ ಬೆಂಚೇ ಮಕ್ಕಳ ಹಾಸಿಗೆ. ಕುಡಿಯುವ ನೀರಿನ ಬಿಂದಿಗೆ ಮಾಡಿನ ಮೇಲೆ.

ಆ ಬಿಂದಿಗೆಗೂ ಬೀರುವಿನ ಬಾಗಿಲಿಗೂ ಗುಲಾಬಿ ಹೂಗಳನ್ನೂ ಕೋಟೆಗಳನ್ನೂ ಬಣ್ಣಬಣ್ಣವಾಗಿ ಬರೆಯಿಸುತ್ತಿದ್ದರು. ಹಿತ್ತಾಳೆಯ ಗುಬುಟುಗಳು ಕನ್ನಡಿಯಂತೆ ಹೊಳೆಯುತ್ತಿದ್ದುವು. ಈಗಿನ ಚಿತ್ರಪುಸ್ತಕಗಳು ಮೆಚ್ಚಿ ತೋರಿಸುವುದೆಲ್ಲ ಇದನ್ನೇ. ಆದರೆ ಆ ಹೂಗಳ ಹಿಂದೆ ಅಕ್ಷರ ಕಲಿಯದ ಮಕ್ಕಳಿದ್ದರು. ಜಾರ್ಜ್ ಸ್ಮಿತ್ ಎಂಬ ಸುಧಾರಕನು ಹಠ ಹಿಡಿದು ಹೋರಾಡಿದುದರಿಂದ ೧೮೭೭ರಲ್ಲಿ ಕಾನೂನೊಂದು ಬಂದು, ದೋಣಿಯಲ್ಲಿ ಎಷ್ಟು ಮಂದಿ ಮಲಗಬಹುದೆಂಬುದು ಗೊತ್ತಾಯಿತು. ಶಾಲೆಯ ಮಾತು ಮಾತ್ರ ಕಷ್ಟವಾಗಿಯೇ ಉಳಿಯಿತು. ಇಂದು ಒಂದೂರಿನಲ್ಲಿ ಕಲ್ಲಿದ್ದಲು ಇಳಿಸಿ ನಾಳೆ ಮತ್ತೊಂದೂರಿನಲ್ಲಿ ತುಂಬುವವನ ಮಗು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿ ಸೇರಬೇಕು? ಕೆಲಸ ಸಿಕ್ಕ ಕಡೆಗೆ ಗುಡಿಸಲನ್ನು ಬದಲಿಸುವ ಕಲ್ಲುಕುಟಿಗರ ಮಕ್ಕಳನ್ನು ಬಲ್ಲ ನಮ್ಮ ಕಡೆಯವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಗಂಡಸರು ಸಾಲದೆ ಪಟ್ಟಣದ ತರುಣಿಯರೂ ಚುಕ್ಕಾಣಿ ಹಿಡಿದು ಸರಕು ಸಾಗಿಸಿದರು. ೧೯೬೨-೬೩ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ಸರಕು ಬಹಳಮಟ್ಟಿಗೆ ಲಾರಿಯ ಪಾಲಾಯಿತು. ೧೯೭೦ರಲ್ಲಿ ಅದರ್‌ಸ್ಟನ್ನಿನಿಂದ ಸೌತಾಲಿನ ಜಾಮು ಕಾರ್ಖಾನೆಗೆ ಕಲ್ಲಿದ್ದಲು ಹೋಗುವುದೂ ನಿಂತಿತು. ಅಷ್ಟರೊಳಗೆ, ೧೯೪೪ರಲ್ಲಿ ರೋಲ್ಟ್ ಎಂಬ ಲೇಖಕನು ಪ್ರಕಟಿಸಿದ ‘ನ್ಯಾರೋ ಬೋಟ್’ ಪುಸ್ತಕವನ್ನೋದಿದ ಜನ ಕಾಲುವೆಗಳನ್ನು ಉಳಿಸಲು ಸಂಘ ಕಟ್ಟಿದ್ದರು.

ಹೀಗೆ ಉಳಿದ ನೀರಿನ ಮೇಲೆ ಇಂದು ಸಾವಿರಾರು ಮಂದಿ ವಾಸವಾಗಿದ್ದಾರೆ. ಕೆಲವರದು ಶೋಕಿ, ಲಂಡನ್ನಿನಲ್ಲಿ ಮನೆ ಬಾಡಿಗೆ ತೆರಲಾರದೆ ಬಂದವರೂ ಉಂಟು. ಕುದುರೆಯ ಬದಲು ಡೀಸೆಲ್ ಎಂಜಿನ್ನು, ಮಾಡಿನ ಮೇಲೆ ಸೌರಫಲಕ. ವೇಗ ಮಾತ್ರ ಗಂಟೆಗೆ ನಾಲ್ಕು ಮೈಲಿ. ನಲ್ಲಿಯಿರುವ ದಡವನ್ನು ಹುಡುಕಿ ತೊಟ್ಟಿ ತುಂಬಿಸಬೇಕು, ಶೌಚದ ಪೆಟ್ಟಿಗೆಯನ್ನು ಕೈಯಾರೆ ಹೊತ್ತು ಬರಿದುಮಾಡಬೇಕು, ಒಲೆ ಆರದಂತೆ ಬೆಳಗಿನ ಜಾವ ಎದ್ದು ನೋಡಬೇಕು. ಸ್ವಂತ ತಂಗುದಾಣವಿಲ್ಲದವರು ೧೯೯೫ರ ಕಾನೂನಿನಂತೆ ಸಾಮಾನ್ಯವಾಗಿ ಒಂದೆಡೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಎಷ್ಟು ದೂರ ಸರಿದರೆ ಸರಿದಂತಾಯಿತು ಎಂಬುದು ಇಂದಿಗೂ ಬಗೆಹರಿಯದ ವಾಗ್ವಾದ. ಒಲೆಯೂ ಹಾಸಿಗೆಯೂ ಮುಂದಕ್ಕೆ ಸಾಗುತ್ತವೆ. ಮಗುವಿನ ಶಾಲೆ ಹಿಂದೆ ಉಳಿಯುತ್ತದೆ. ಬೆಳಿಗ್ಗೆ ತಾಯಿಯೋ ತಂದೆಯೋ ಮಗುವನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಹಿಂದೆ ಕುದುರೆ ನಡೆಯುತ್ತಿದ್ದ ದಡದ ಹಾದಿಯಲ್ಲಿ ಅದೇ ಶಾಲೆಗೆ ಹೊರಡುತ್ತಾರೆ.