ಆನ್‌ಲೈನ್ ಪದವಿಗೆ ಬೆಲೆಯೇ ಇಲ್ಲವೇ? ಪಿಜಿ ವಿದ್ಯಾರ್ಥಿಗಳು ಹಿಂಜರಿಯುವುದೇಕೆ?

“ಆನ್‌ಲೈನ್‌ನಲ್ಲಿ ಎಂ.ಎ., ಎಂ.ಕಾಂ. ಮಾಡಬೇಡಿ, ಎಲ್ಲೂ ನಡೆಯುವುದಿಲ್ಲ, ದುಡ್ಡು ದಂಡ.” ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ನಿಜವೇ?

ಇಲ್ಲ. ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದ್ದು, ಆ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸಲು ಅನುಮತಿಯೂ ಇದ್ದರೆ, ಆ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ವೈದ್ಯಕೀಯ, ನರ್ಸಿಂಗ್, ಕಾನೂನು ಮುಂತಾದವುಗಳಿಗೆ ಈ ಅನುಮತಿ ಇಲ್ಲ. “ಆನ್‌ಲೈನ್ ಪಿಎಚ್.ಡಿ.” ಜಾಹೀರಾತು ಕಂಡರಂತೂ ನಂಬಲೇಬೇಡಿ.

ಹಾಗಿದ್ದರೂ ಭಯ ಏಕೆ? ನಮ್ಮಲ್ಲಿ ಅದಕ್ಕೆ ಕಾರಣವೂ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಸಿಕ್ಕಿಕೊಂಡವರ ಕಷ್ಟವನ್ನು ಕಂಡ ಮನೆಗಳಲ್ಲಿ “ದೂರಶಿಕ್ಷಣ” ಎಂದರೆ ಇಂದಿಗೂ ಅನುಮಾನ. ಆನ್‌ಲೈನ್ ಕಲಿಕೆಗೂ ಅದೇ ಅನುಮಾನ ಅಂಟಿಕೊಂಡಿದೆ.

ಮೊಬೈಲ್, ಡೇಟಾ ಇದ್ದರೆ ಸಾಕು, ವಿದ್ಯಾರ್ಥಿಗಳು ತಾವಾಗಿಯೇ ಆನ್‌ಲೈನ್‌ಗೆ ಬರುತ್ತಾರೆ ಎನ್ನುವುದು ಇನ್ನೊಂದು ತಪ್ಪು ನಂಬಿಕೆ. ಹೊಸ ತಂತ್ರಜ್ಞಾನವನ್ನು ಜನ ಯಾಕೆ ಒಪ್ಪುತ್ತಾರೆ ಎಂದು ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಅಧ್ಯಯನ ಮಾಡಿದರು. ಇದರಿಂದ ನನಗೆ ಉಪಯೋಗವಿದೆಯೇ, ಬಳಸಲು ಸುಲಭವೇ ಎಂಬ ಎರಡು ಅಂಶಗಳನ್ನು ಅವರು ಅಳೆದರು. ಹೆಚ್ಚು ತೂಕ ಇದ್ದದ್ದು ಉಪಯೋಗಕ್ಕೇ. ಕಷ್ಟವಾದರೂ ಉಪಯೋಗವಿದ್ದರೆ ಜನ ಕಲಿಯುತ್ತಾರೆ. ಸುಲಭವಾದರೂ ಉಪಯೋಗವಿಲ್ಲದಿದ್ದರೆ ಮುಟ್ಟುವುದಿಲ್ಲ. ಆನ್‌ಲೈನ್ ಕಲಿಕೆಯ ಬಗೆಗಿನ ಎಷ್ಟೋ ಅಧ್ಯಯನಗಳು ಇದೇ ಮಾದರಿಯನ್ನು ಬಳಸಿವೆ.

ನಾವು ಸಂವಹನ ವಿಷಯದಲ್ಲಿ ಪಿಜಿ ಓದುವಾಗ ‘ಸ್ವಯಂ’ ಕೋರ್ಸಿನ ಮಾತು ಬಂದರೆ ತರಗತಿಯಲ್ಲಿ ಏಳುತ್ತಿದ್ದ ಮೊದಲ ಪ್ರಶ್ನೆ: “ಮಾರ್ಕ್ಸ್ ಕಾರ್ಡಿನಲ್ಲಿ ಬರುತ್ತಾ ಸರ್?” ಪಾಠ ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ! ಅದು ಸೋಮಾರಿತನ ಅಲ್ಲ, ಲೆಕ್ಕಾಚಾರ. 2021ರಲ್ಲಿ ಯುಜಿಸಿ, ಒಂದು ಸೆಮಿಸ್ಟರ್‌ನ ಶೇ. 40ರವರೆಗಿನ ಕೋರ್ಸ್‌ಗಳನ್ನು ‘ಸ್ವಯಂ’ನಲ್ಲೇ ಓದಿ ಕ್ರೆಡಿಟ್ ಪಡೆಯಲು ಅವಕಾಶ ಕೊಟ್ಟಿತು. ನಿಮ್ಮ ವಿಶ್ವವಿದ್ಯಾಲಯ ಅದನ್ನು ಒಪ್ಪಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಉಚಿತ ಎಂದ ಮಾತ್ರಕ್ಕೆ ಯಾರೂ ಓದಿ ಮುಗಿಸುವುದಿಲ್ಲ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳಲ್ಲಿ 2017-18ರಲ್ಲಿ ಸೇರಿದವರ ಪೈಕಿ ಪೂರ್ಣಗೊಳಿಸಿದವರು ಸುಮಾರು ಶೇ. 3 ಮಾತ್ರ. ಪ್ರಮಾಣಪತ್ರಕ್ಕಾಗಿ ಶುಲ್ಕ ಕಟ್ಟಿದವರಲ್ಲಿ ಈ ಪ್ರಮಾಣ ಬಹಳ ಹೆಚ್ಚಿತ್ತು.

ಇನ್ನು, 2003ರಲ್ಲಿ ಡೇವಿಸ್ ಸೇರಿದಂತೆ ಸಂಶೋಧಕರ ತಂಡವೊಂದು ಈ ಮಾದರಿಯನ್ನು ವಿಸ್ತರಿಸಿ, ಸುತ್ತಲಿನವರು ಏನನ್ನುತ್ತಾರೆ ಎಂಬುದನ್ನೂ ಸೇರಿಸಿತು. ಅಪ್ಪ, ಅಣ್ಣ, ಮೇಷ್ಟ್ರು, ಈಗ ವಾಟ್ಸಾಪ್ ಗುಂಪು ಕೂಡ. ಅಂದರೆ ಮೇಲಿನ ಆ ಫಾರ್ವರ್ಡ್ ಕೂಡ ಯಾರದೋ ತಂಗಿಯ ಎಂ.ಎ. ಅರ್ಜಿಯನ್ನು ತಡೆಯಬಲ್ಲದು.

ಪರಿಶೀಲಿಸುವುದು ಕಷ್ಟವಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಅನುಮತಿ ಪಡೆದ ಸಂಸ್ಥೆ ಮತ್ತು ಕೋರ್ಸ್‌ಗಳ ಪಟ್ಟಿ ಇರುತ್ತದೆ. ನೀವು ಸೇರುವ ವರ್ಷದ ಪಟ್ಟಿಯನ್ನೇ ನೋಡಿ, ಹಳೆಯದನ್ನಲ್ಲ.