ಬೀವರ್: ಒಡ್ಡು ಕಟ್ಟುವ ನೆರೆಯವನು

ನನ್ನದೊಂದು ತಪ್ಪನ್ನು ಮೊದಲೇ ಒಪ್ಪಿಕೊಂಡು ಮಾತು ಆರಂಭಿಸುತ್ತೇನೆ. ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಇಂಗ್ಲಿಷಿನ ಮಕ್ಕಳ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ ‘ಬೀವರ್’ ಎಂಬ ಪ್ರಾಣಿ ಬಂದಿತು. ನೀರಿನಲ್ಲಿ ಈಜುವ, ಮೈತುಂಬ ತುಪ್ಪಳವಿರುವ ಪ್ರಾಣಿಯೆಂದ ಮೇಲೆ ನಮ್ಮ ನೀರುನಾಯಿಯೇ ಇರಬೇಕೆಂದು ಬಗೆದೆ. ಹಾಗೆಯೇ ಬರೆದು, ಅದರ ಬಾಯಿಗೊಂದು ಮೀನನ್ನೂ ಕೊಟ್ಟೆ. ಹಸ್ತಪ್ರತಿಯನ್ನು ಓದಿದ ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರು ನಕ್ಕು, “ಮೇಷ್ಟ್ರೇ, ಅಪ್ಪಟ ಸಸ್ಯಾಹಾರಿಗೆ ಮೀನೂಟ ಬಡಿಸಿದ್ದೀರಲ್ಲ!” ಎಂದರು. ಸಿ. ಎಸ್. ಲೂಯಿಸ್ ಅವರೂ 1950ರಲ್ಲಿ ಪ್ರಕಟವಾದ ತಮ್ಮ ನಾರ್ನಿಯಾ ಕಥೆಯಲ್ಲಿ ಬೀವರ್ ದಂಪತಿಗಳ ಮನೆಯಲ್ಲಿ ಮೀನು ಹುರಿಸಿದ್ದಾರೆಂದು ಅನಂತರ ತಿಳಿದು ತುಸು ಸಮಾಧಾನವಾಯಿತು. ಆದರೂ ತಪ್ಪು ತಪ್ಪೇ. ಅದನ್ನು ತಿದ್ದಿಕೊಳ್ಳಲು ಹೊರಟಾಗ ಕಲಿತದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಬೀವರ್ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ ಪ್ರಾಣಿ. ಉತ್ತರ ಅಮೆರಿಕದಲ್ಲಿ ಒಂದು ಜಾತಿ, ಯೂರೋಪು ಮತ್ತು ಏಷ್ಯಾದ ಉತ್ತರ ಭಾಗಗಳಲ್ಲಿ ಇನ್ನೊಂದು. ತೂಕ ಸುಮಾರು 20 ಕಿಲೋ; ಬಾಲ ಅಗಲವಾಗಿ ಹುಟ್ಟಿನಂತೆ ಚಪ್ಪಟೆ. ಮುಂಬಲ್ಲುಗಳ ಹೊರಮೈಯಲ್ಲಿ ಕಬ್ಬಿಣದ ಅಂಶವಿರುವುದರಿಂದ ಅವು ಕಿತ್ತಳೆ ಬಣ್ಣದವು. ಸವೆದಂತೆ ಬೆಳೆಯುತ್ತಲೇ ಇರುತ್ತವೆ. ತೊಗಟೆ, ಎಲೆ, ಚಿಗುರು, ನೀರಿನ ಗಿಡಗಳು, ಇವೇ ಅದರ ಆಹಾರ. ಮರವನ್ನು ಕಡಿದು ಉರುಳಿಸಿ, ತೊಗಟೆಯನ್ನು ತಿಂದು, ಉಳಿದ ಕೊಂಬೆಗಳನ್ನು ಕಲ್ಲು ಮಣ್ಣುಗಳೊಡನೆ ತೊರೆಗೆ ಅಡ್ಡಲಾಗಿ ಪೇರಿಸುತ್ತದೆ.

ಈ ಒಡ್ಡು ಪರೋಪಕಾರಕ್ಕಾಗಿ ಕಟ್ಟಿದ್ದಲ್ಲ. ಬೀವರಿನ ಗೂಡಿನ ಬಾಗಿಲು ನೀರಿನ ಅಡಿಯಲ್ಲಿರುತ್ತದೆ. ನೀರು ಇಳಿದರೆ ಬಾಗಿಲು ಬಯಲಾಗಿ ತೋಳ ಒಳನುಗ್ಗೀತು. ನೀರನ್ನು ಏರಿಸಿಟ್ಟುಕೊಳ್ಳುವುದು ಅದಕ್ಕೆ ಪ್ರಾಣರಕ್ಷಣೆಯ ಮಾತು. ಆದರೆ ಆ ಸ್ವಾರ್ಥದಿಂದ ಇಡೀ ಕಣಿವೆಗೆ ಒಳಿತಾಗುತ್ತದೆ. ನಮ್ಮ ಅಣೆಕಟ್ಟಿನಂತೆ ಅದು ನೀರನ್ನು ಪೂರ್ತಿ ತಡೆಯುವುದಿಲ್ಲ, ಸೋರಬಿಡುತ್ತದೆ. ಓಡುತ್ತಿದ್ದ ನೀರು ನಡೆಯತೊಡಗುತ್ತದೆ. ಹೂಳು ತಂಗುತ್ತದೆ, ನೆಲದೊಳಕ್ಕೆ ನೀರು ಇಂಗುತ್ತದೆ, ಕೊಳದಲ್ಲಿ ಕಪ್ಪೆ, ಕೊಡತಿಹುಳು, ಮೀನುಮರಿ, ಬಾತುಗಳು ನೆಲಸುತ್ತವೆ. 2018ರಲ್ಲಿ ಅಮೆರಿಕದ ಐಡಹೊ ರಾಜ್ಯದಲ್ಲಿ ಕಾಳ್ಗಿಚ್ಚು ಹಬ್ಬಿ ಬೆಟ್ಟಗಳು ಕಪ್ಪಾದಾಗ, ಬೀವರುಗಳಿದ್ದ ಒಂದು ತೊರೆಯ ಇಕ್ಕೆಲ ಮಾತ್ರ ಹಸುರಾಗಿಯೇ ಉಳಿದಿತ್ತು. ತೊಯ್ದ ನೆಲಕ್ಕೆ ಬೆಂಕಿ ಹತ್ತಲಿಲ್ಲ.

ಇಂಥ ಪ್ರಾಣಿಯನ್ನು ಮನುಷ್ಯ ಕೊಂದದ್ದು ಮುಖ್ಯವಾಗಿ ಟೋಪಿಗಾಗಿ. ಅದರ ತುಪ್ಪಳವನ್ನು ತಟ್ಟಿ ಮಾಡಿದ ಟೋಪಿ ಯೂರೋಪಿನ ಸಿರಿವಂತರ ಗುರುತಾಗಿತ್ತು. ಮಾಂಸಕ್ಕಾಗಿ, ಔಷಧಿ ಮತ್ತು ಸುಗಂಧದ್ರವ್ಯಗಳಿಗೆ ಬಳಸುತ್ತಿದ್ದ ಅದರ ಗ್ರಂಥಿಗಳಿಗಾಗಿಯೂ ಬೇಟೆ ನಡೆಯಿತು. ಇಂಗ್ಲೆಂಡಿನಿಂದ ಅದು ಸುಮಾರು ನಾಲ್ಕು ನೂರು ವರ್ಷಗಳ ಹಿಂದೆ ಮರೆಯಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಯೂರೋಪು, ಏಷ್ಯಾಗಳಲ್ಲಿ ಉಳಿದಿದ್ದವು ಸುಮಾರು 1200 ಮಾತ್ರ.

ಮರೆಯಾದದ್ದು ಮರಳಿ ಬಂದ ಕಥೆಯೂ ಇದೆ. ಇಂಗ್ಲೆಂಡಿನ ಡೆವನ್ ಪ್ರಾಂತದ ಒಂದು ನದಿಯಲ್ಲಿ ಬೀವರುಗಳು ಮರಿ ಹಾಕಿರುವುದು 2014ರಲ್ಲಿ ಖಚಿತವಾಯಿತು. ಸರ್ಕಾರ ಅವನ್ನು ಹಿಡಿದು ಸಾಗಿಸಲು ಯೋಚಿಸಿತು, ಊರಿನವರು ಒಪ್ಪಲಿಲ್ಲ. 2015ರಿಂದ ಐದು ವರ್ಷ ಪರೀಕ್ಷೆಯಾಗಿ ಇರಗೊಟ್ಟರು. ಒಡ್ಡುಗಳ ಕೆಳಗಿದ್ದ ಹಳ್ಳಿಯತ್ತ ಹರಿಯುವ ಪ್ರವಾಹದ ಏರು ತಗ್ಗಿತು. 2020ರಲ್ಲಿ ಅವು ಅಲ್ಲಿಯೇ ಇರಬಹುದೆಂದು ತೀರ್ಮಾನವಾಯಿತು. 2022ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನಿನ ರಕ್ಷಣೆಯೂ ದೊರೆಯಿತು.

ಆದರೆ ಆ ಪರೀಕ್ಷೆಯ ವರದಿ ಇನ್ನೊಂದು ಮಾತನ್ನೂ ಹೇಳಿತು. ನನಗೆ ಅದೇ ಮುಖ್ಯವೆನಿಸುತ್ತದೆ. ಬೀವರಿನಿಂದ ಲಾಭ ಪಡೆಯುವವರೂ ನಷ್ಟ ಹೊರುವವರೂ ಯಾವಾಗಲೂ ಒಬ್ಬರೇ ಅಲ್ಲ. ಪ್ರವಾಹ ತಪ್ಪುವುದು ಕೆಳಗಿನ ಊರಿಗೆ. ಹೊಲ ಜೌಗಾಗುವುದು ಮೇಲಿನ ರೈತನಿಗೆ. ಅವನ ಎದುರು ನಿಂತು ಪ್ರಕೃತಿಪ್ರೇಮವನ್ನು ಉಪದೇಶಿಸುವುದು ನ್ಯಾಯವಲ್ಲ. ಸಹಬಾಳ್ವೆಯೆಂಬುದು ಬರಿಯ ಭಾವನೆಯಲ್ಲ, ಅದೊಂದು ಏರ್ಪಾಡು. ಒಡ್ಡಿನ ಒಳಗೆ ಕೊಳವೆ ಹಾಯಿಸಿ, ಅದರ ಬಾಯಿಗೆ ತಂತಿಬಲೆಯ ಗೂಡು ಕಟ್ಟಿದರೆ ಕೊಳದ ಮಟ್ಟ ಬೇಕಾದಷ್ಟಕ್ಕೆ ನಿಲ್ಲುತ್ತದೆ. ಬೀವರಿಗೂ ಮನೆಯುಂಟು, ರೈತನಿಗೂ ಹೊಲವುಂಟು. ಬೆಲೆಯುಳ್ಳ ಮರಗಳ ಬುಡಕ್ಕೆ ಬಲೆ ಸುತ್ತಬಹುದು. ನದಿಯಂಚಿನಲ್ಲಿ ಕೆಲವು ಮೀಟರು ನೆಲವನ್ನು ಉಳದೆ ಬಿಟ್ಟರೆ ಹೆಚ್ಚಿನ ಜಗಳ ಅಲ್ಲಿಗೇ ಮುಗಿಯುತ್ತದೆ. ಹಾಗೆ ಬಿಟ್ಟ ನೆಲದ ಬೆಲೆಯನ್ನು ರೈತನೊಬ್ಬನೇ ತೆರಬಾರದು, ಸಮಾಜ ತೆರಬೇಕು.

ಹಾಗೆಂದು ಬೀವರನ್ನು ಎಲ್ಲಿ ಬಿಟ್ಟರೂ ಒಳಿತೆಂದು ತಿಳಿಯಬಾರದು. 1946ರಲ್ಲಿ ತುಪ್ಪಳದ ಉದ್ಯಮ ಬೆಳೆಯಲೆಂದು ಕೆನಡಾದಿಂದ 20 ಬೀವರುಗಳನ್ನು ತಂದು, ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊ ದ್ವೀಪದಲ್ಲಿ ಬಿಟ್ಟರು. ಅಲ್ಲಿ ಅವನ್ನು ಬೇಟೆಯಾಡುವ ತೋಳ, ಕರಡಿಗಳಿರಲಿಲ್ಲ. ಉತ್ತರದ ವಿಲೋ, ಆಸ್ಪೆನ್ ಮರಗಳು ಕಡಿದರೂ ಮತ್ತೆ ಚಿಗುರುತ್ತವೆ. ಅಲ್ಲಿನ ಮರಗಳಿಗೆ ಆ ಗುಣವಿಲ್ಲ. ಕಾಡು ನಿಂತಲ್ಲೇ ಸತ್ತಿತು. ಪ್ರಾಣಿ ಅದೇ, ದುಡಿಮೆಯೂ ಅದೇ, ಕೈಕೊಟ್ಟದ್ದು ಸ್ಥಳ. ಗುಣವೆಂಬುದು ಪ್ರಾಣಿಯಲ್ಲಿ ಮಾತ್ರವಿಲ್ಲ, ಅದಕ್ಕೂ ನೆಲಕ್ಕೂ ಇರುವ ಸಂಬಂಧದಲ್ಲಿದೆ.

ನಮ್ಮ ಹೊಳೆಗಳಲ್ಲಿ ಬೀವರ್ ಇಲ್ಲ, ತಂದು ಬಿಡಬೇಕಾದ ಅಗತ್ಯವೂ ಇಲ್ಲ. ಆದ್ದರಿಂದ ಅದಕ್ಕೆ ಕನ್ನಡದ ಹೆಸರು ಹುಡುಕುವ ಗೋಜಿಗೆ ಹೋಗದೆ, ನನ್ನ ಹಸ್ತಪ್ರತಿಯಲ್ಲಿ ‘ಬೀವರ್’ ಎಂದೇ ತಿದ್ದಿ, ಮೀನನ್ನೂ ಕಿತ್ತುಕೊಂಡೆ. ಆದರೆ ಡೆವನ್ನಿನ ಆ ನದಿಯ ಹೆಸರನ್ನು ನಿಮಗೆ ಹೇಳಿಲ್ಲ. ಅದು ‘ಆಟರ್’, ಎಂದರೆ ನೀರುನಾಯಿ. ನಾನು ಕಾಗದದ ಮೇಲೆ ಒಂದೆಂದು ಬೆರೆಸಿಬಿಟ್ಟ ಎರಡು ಪ್ರಾಣಿಗಳು ಅಲ್ಲಿ ಒಂದೇ ನೀರಿನಲ್ಲಿ ಬೇರೆಬೇರೆಯಾಗಿ ಬಾಳುತ್ತಿವೆ. ದಂಡೆಯ ಮೇಲೆ ರೈತನೂ ಇದ್ದಾನೆ.